ಐದು ದಿನದ ಬಿಸಿಲು, ತಣ್ಣನೆಯ ಕೆರೆ

ಮಕ್ಕಳೇ, 25 ಡಿಗ್ರಿ ಸೆಲ್ಸಿಯಸ್ ಎಂದರೆ ನಿಮಗೆ ಏನನ್ನಿಸುತ್ತದೆ? ಬ್ಯಾಂಕಿನ ಕೆಲಸದ ಮೇಲೆ ನಾನು ಹಲವು ವರ್ಷ ಬಳ್ಳಾರಿಯಲ್ಲಿದ್ದೆ. ಅಲ್ಲಿ ಬೇಸಿಗೆಯ ನಡುರಾತ್ರಿ ಅಷ್ಟು ತಂಪಾದರೂ ಪುಣ್ಯ ಎನ್ನುತ್ತಿದ್ದೆವು. ಆದರೆ ಐರ್ಲೆಂಡ್ ದೇಶದಲ್ಲಿ ಹಗಲಿನ ಉಷ್ಣಾಂಶ ಸತತ ಐದು ದಿನ 25 ಡಿಗ್ರಿ ದಾಟಿದರೆ ಸಾಕು, ಅಲ್ಲಿನ ಹವಾಮಾನ ಇಲಾಖೆ ‘ಬಿಸಿಗಾಳಿ’ ಎಂದು ಘೋಷಿಸುತ್ತದೆ!

2018ರಲ್ಲಿ ನಾನೂ ನಮ್ಮ ಮನೆಯವರೂ ಡಬ್ಲಿನ್‌ನಲ್ಲಿರುವ ಮಗಳ ಮನೆಗೆ ಹೋದಾಗ ಅಂಥದ್ದೇ ಬಿಸಿಲು. ಜೂನ್ 28ರಂದು ಶಾನನ್ ಎಂಬಲ್ಲಿ 32 ಡಿಗ್ರಿ ದಾಖಲಾಯಿತು. ಆ ದೇಶದ ಈವರೆಗಿನ ದಾಖಲೆಯೇ 33.3 ಡಿಗ್ರಿ, ಅದೂ 1887ರಲ್ಲಿ! ನಾವು ಪೆಟ್ಟಿಗೆ ತುಂಬ ಸ್ವೆಟರು, ಮಂಗನ ಟೋಪಿ ಹೊತ್ತುಕೊಂಡು ಹೋಗಿದ್ದೆವು. ಒಂದನ್ನೂ ಹೊರಗೆ ತೆಗೆಯಲಿಲ್ಲ. ವರ್ಷವಿಡೀ ಮಳೆ ಬರುವ ಊರಿನಲ್ಲಿ ತೋಟಕ್ಕೆ ಪೈಪಿನಿಂದ ನೀರು ಹಾಯಿಸಬಾರದು ಎಂದು ಆದೇಶವೂ ಬಂತು.

ಅಲ್ಲಿನ ಮನೆಗಳು ಶಾಖವನ್ನು ಒಳಗೇ ಹಿಡಿದಿಡುವಂತೆ ಕಟ್ಟಿದವು. ಮಗಳ ಮನೆಯಲ್ಲಿ ಫ್ಯಾನಿಗೆ ಮೇಲೆ ಕೊಂಡಿಯೇ ಇಲ್ಲ. ಹಾಗಾಗಿ ಬಿಸಿಲು ಬಂದರೆ ನಾವು ಒಳಗೆ ಓಡುತ್ತೇವೆ, ಅವರು ಹೊರಗೆ ಓಡುತ್ತಾರೆ. ನಾವೂ ಓಡಿದೆವು. ಜುಲೈ ಮೊದಲ ವಾರ, ಮೊಮ್ಮಗನ ಶಾಲೆಗೆ ರಜೆ ಸಿಕ್ಕಿತ್ತು. ಚಪಾತಿ, ಪಲ್ಯ, ಮೊಸರನ್ನ ಕಟ್ಟಿಕೊಂಡು ವಿಕ್ಲೋ ಬೆಟ್ಟಗಳ ನಡುವಿನ ಗ್ಲೆಂಡಲಾಕ್‌ಗೆ ಹೊರಟೆವು. ಡಬ್ಲಿನ್‌ನಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್.

ಗ್ಲೆಂಡಲಾಕ್ ಎಂದರೆ ಐರಿಷ್ ಭಾಷೆಯಲ್ಲಿ ‘ಎರಡು ಕೆರೆಗಳ ಕಣಿವೆ’. ಬಹಳ ಹಿಂದೆ ಹಿಮನದಿಯೊಂದು ಬೆಟ್ಟವನ್ನು ಕೊರೆದು ಈ ಕಣಿವೆ ಮಾಡಿತು. ಆಗ ಇದ್ದದ್ದು ಒಂದೇ ದೊಡ್ಡ ಕೆರೆ. ಪಕ್ಕದ ಹೊಳೆಯೊಂದು ಕಲ್ಲುಮಣ್ಣು ತಂದು ಸುರಿದೂ ಸುರಿದೂ ನಡುವೆ ನೆಲವೇ ಎದ್ದು, ಕೆರೆ ಎರಡಾಯಿತು. ಆರನೆಯ ಶತಮಾನದಲ್ಲಿ ಕೆವಿನ್ ಎಂಬ ಸಂತ ಇಲ್ಲಿ ಬಂದು ನೆಲೆಸಿದನಂತೆ. ಅವನ ಹೆಸರಿನ ಮಠದ ಕಲ್ಲುಗೋಡೆಗಳೂ ಸುಮಾರು 30 ಮೀಟರ್ ಎತ್ತರದ ದುಂಡು ಗೋಪುರವೂ ಇಂದಿಗೂ ನಿಂತಿವೆ. ಬೆಟ್ಟದ ಮೇಲೆ ಮರದ ಹಲಗೆ ಹಾಸಿದ ಹಾದಿ ಇದೆ. ಅಲ್ಲಿನ ನೆಲ ಕೊಳೆತ ಪಾಚಿಯಿಂದಾದ ಮೆತ್ತನೆಯ ಜೌಗು. ಅದರ ಮೂಲಕ ಇಳಿದು ಬರುವ ನೀರಿಗೆ ಹಾಲು ಹಾಕದ ಚಹದ ಬಣ್ಣ!

ಮೇಲಿನ ಕೆರೆಯ ದಡದಲ್ಲಿ ಜಾತ್ರೆಯಂತೆ ಜನ. ಚಾದರ ಹಾಸಿ ಮಲಗಿದವರು, ಐಸ್‌ಕ್ರೀಮ್ ಹಿಡಿದವರು, ಬಿಸಿಲಿಗೆ ಟೊಮೆಟೊ ಹಣ್ಣಿನಂತೆ ಕೆಂಪಾದವರು. ಮೊಮ್ಮಗ ಆಗಲೇ ಅಂಗಿ ಬಿಚ್ಚಿದ್ದ.

“ಅಜ್ಜಾ, ನಾನು ಒಳಗೆ ಹಾರ್ತೀನಿ. ನಂಗೆ ಈಜು ಬರುತ್ತಲ್ಲ!”

ಈಜುಕೊಳದಲ್ಲಿ ಕಲಿತದ್ದು ನಿಜ. ಆದರೆ ದಡದಲ್ಲಿ ‘ಈಜಬೇಡಿ’ ಎಂಬ ಫಲಕವಿತ್ತು. ಪಕ್ಕದ ಬೆಂಚಿನಲ್ಲಿ ನನ್ನಷ್ಟೇ ವಯಸ್ಸಿನ ಹಿರಿಯರೊಬ್ಬರು ನಾಯಿಯೊಡನೆ ಕೂತಿದ್ದರು. ಅವರು ಹುಡುಗನನ್ನು ಕರೆದು, “ಮಳೆಗಾಲದಲ್ಲಿ ಈ ಕೆರೆಯ ಬಗ್ಗೆ ನಮಗೆ ಹೆದರಿಕೆ ಇಲ್ಲಪ್ಪ. ಬಿಸಿಲು ಬಂದ ವಾರವೇ ಹೆದರಿಕೆ” ಎಂದರು.

ಮೊಮ್ಮಗನ ಮುಖ ಸಣ್ಣದಾಯಿತು. “28 ಡಿಗ್ರಿ ಇದೆ, ನೀರೂ ಬಿಸಿ ಆಗಿರಲ್ವಾ?” ಎಂದು ನನ್ನನ್ನು ಕೇಳಿದ. ಕೈ ಹಿಡಿದು ಅಂಚಿಗೆ ಕರೆದುಕೊಂಡು ಹೋದೆ. ಪಾದ ಮುಳುಗುವಷ್ಟು ನೀರು ಹಿತವಾಗಿತ್ತು. ಎರಡು ಹೆಜ್ಜೆ ಮುಂದಿಟ್ಟು ಮೊಣಕಾಲು ಮುಳುಗಿದ್ದೇ ತಡ, ‘ಹ್ಹಾ!’ ಎಂದು ಉಸಿರೆಳೆದುಕೊಂಡು ಹಿಂದಕ್ಕೆ ಬಂದ.

ಇದರ ಲೆಕ್ಕ ಸುಲಭ ಮಕ್ಕಳೇ. ಒಂದು ಕಿಲೋ ನೀರು ಬಿಸಿಯಾಗಲು ಒಂದು ಕಿಲೋ ಗಾಳಿಗಿಂತ ಸುಮಾರು ನಾಲ್ಕು ಪಟ್ಟು ಶಾಖ ಬೇಕು. ಸೂರ್ಯ ಕಾಯಿಸುವುದು ಮೇಲಿನ ಪದರವನ್ನು ಮಾತ್ರ. ಬಿಸಿ ನೀರು ಹಗುರ, ಮೇಲೆಯೇ ತೇಲುತ್ತದೆ. ತಣ್ಣೀರು ಭಾರ, ಕೆಳಗೇ ಉಳಿಯುತ್ತದೆ. ಚಳಿಗಾಲವೆಲ್ಲ ಜಮೆಯಾದ ತಂಪು ಐದು ದಿನದ ಬಿಸಿಲಿಗೆ ಖರ್ಚಾಗುವುದಿಲ್ಲ.

15 ಡಿಗ್ರಿಗಿಂತ ತಣ್ಣಗಿರುವ ನೀರಿಗೆ ಒಮ್ಮೆಲೇ ಹಾರಿದರೆ ನಮಗೆ ಬೇಡವೆಂದರೂ ದೇಹ ಜೋರಾಗಿ ಉಸಿರೆಳೆಯುತ್ತದೆ. ಆ ಕ್ಷಣ ಬಾಯಿ ನೀರೊಳಗಿದ್ದರೆ ನೀರು ನೇರ ಶ್ವಾಸಕೋಶಕ್ಕೆ. ಚೆನ್ನಾಗಿ ಈಜುವವರೂ ಹೀಗೆಯೇ ಮುಳುಗುತ್ತಾರೆ. ಬ್ರಿಟನ್ ಮತ್ತು ಐರ್ಲೆಂಡಿನ ಕಡಲಲ್ಲಿ ಜೀವ ಕಾಯುವ ಆರ್‌ಎನ್‌ಎಲ್‌ಐ ಎಂಬ ದೋಣಿ ಸಂಸ್ಥೆ ಒಂದು ಪಾಠ ಹೇಳಿಕೊಡುತ್ತದೆ: ಒದ್ದಾಡಬೇಡಿ. ತಲೆ ಹಿಂದಕ್ಕೆ ಚೆಲ್ಲಿ, ಕಿವಿ ನೀರಲ್ಲಿ ಮುಳುಗಿದರೂ ಚಿಂತೆಯಿಲ್ಲ, ಅಂಗಾತ ತೇಲಿ. ಉಸಿರು ಹಿಡಿತಕ್ಕೆ ಬಂದ ಮೇಲೆ ಕೂಗಿ, ಇಲ್ಲವೇ ದಡಕ್ಕೆ ಈಜಿ.

ನಾವು ಆ ದಿನ ಸುಖವನ್ನೇನೂ ಕಳೆದುಕೊಳ್ಳಲಿಲ್ಲ. ಆಳವಿಲ್ಲದ ತೊರೆಯಲ್ಲಿ ಕಾಲಿಳಿಬಿಟ್ಟು ಕೂತು ಮೊಸರನ್ನ ಉಂಡೆವು. ಮೊಮ್ಮಗ ಕಲ್ಲು ಜೋಡಿಸಿ ಅಣೆಕಟ್ಟು ಕಟ್ಟಿದ. ಅಲ್ಲಿ ಜುಲೈ ತಿಂಗಳಲ್ಲಿ ಸೂರ್ಯ ಮುಳುಗಲು ರಾತ್ರಿ ಹತ್ತರ ಹತ್ತಿರವಾಗುತ್ತದೆ. ಊಟ ಅರಗಿ ಮತ್ತೆ ಹಸಿವಾದರೂ ಹಗಲು ಮುಗಿದಿರಲಿಲ್ಲ!

ನಮ್ಮ ಕಡೆ ನೀರು ಅಷ್ಟು ತಣ್ಣಗಿರುವುದಿಲ್ಲ, ಆದರೆ ಅಪಾಯಗಳು ಬೇರೆ ಇವೆ. ಭದ್ರಾ ನಾಲೆಯ ಸೆಳೆತ, ಕಲ್ಲು ಕ್ವಾರಿಯ ಆಳ, ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡದ ಜಾರುವ ಗೋಡೆ. ಯಾರಾದರೂ ಮುಳುಗುತ್ತಿದ್ದರೆ ನೀವೂ ಹಾರಬೇಡಿ. ಹಗ್ಗವೋ ಸೀರೆಯೋ ಖಾಲಿ ಕ್ಯಾನೋ ಎಸೆಯಿರಿ, ದೊಡ್ಡವರನ್ನು ಕೂಗಿ.

ಅಜ್ಜ ಅಜ್ಜಿಯರಿಗೂ ಒಂದು ಮಾತು. ಮೊಮ್ಮಕ್ಕಳನ್ನು ಹೊಳೆ ಕೆರೆಗೆ ಖಂಡಿತ ಕರೆದುಕೊಂಡು ಹೋಗಿ. ಬರೀ ನೀರಿಗೆ ಹೆದರಿಸಿ ಬೆಳೆಸಬೇಡಿ, ಈಜು ಕಲಿಸಿ. ಅವರು ನೀರಲ್ಲಿರುವಷ್ಟು ಹೊತ್ತು ಕಣ್ಣು ಅವರ ಮೇಲೇ ಇರಲಿ. ದಡದಲ್ಲಿ ಕೂತು ಮೊಬೈಲ್ ನೋಡಬೇಡಿ, ಪತ್ರಿಕೆಯನ್ನೂ ಓದಬೇಡಿ. ಈ ಅಂಕಣವನ್ನು ಮನೆಗೆ ಬಂದ ಮೇಲೆ ಓದಿದರಾಯಿತು.