ಚೆಂದದ ಹುಂಜ ಮಾರಿದ ಮೇಲೆ...

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅವ್ವನ ಕಾವು ಬುಟ್ಟಿ ಅಟ್ಟದ ಮೇಲೆ ಧೂಳು ಹಿಡಿದು ಕೂತಿತ್ತು. ಕೋಳಿ ಇರಲಿಲ್ಲ ಅಂತಲ್ಲ, ಅಂಗಳದ ತುಂಬ ಇದ್ದವು. ಕೆಂಪು, ಬೂದು, ಚುಕ್ಕಿ... ಮೈತುಂಬಿಕೊಂಡು ನೋಡೋಕೆ ಚೆಂದ. ಆದರೆ ಕಾವಿಗೆ ಕೂರುವ ಕೋಳಿ ಒಂದೂ ಉಳಿದಿರಲಿಲ್ಲ. "ತತ್ತಿ ಇಟ್ಟು ಎದ್ದು ಹೋಗಿಬಿಡ್ತಾವ ನೋಡಪಾ, ತಾಯಿ ಗುಣಾನ ಇಲ್ಲ ಇವಕ್ಕ" ಅಂದಳು ಅವ್ವ.

ನಮ್ಮೂರು ಹುನಗುಂದಕ್ಕೂ ಇಳಕಲ್‌ಗೂ ನಡುವೆ. ಮೂರು ವರ್ಷದ ಹಿಂದೆ ನಮ್ಮಲ್ಲೊಂದು ಕೆಂಪು ಹುಂಜ ಇತ್ತು. ಎತ್ತರದ ಕಾಲು, ಅಗಲ ಎದೆ, ಕರಿ ಬಾಲ. ಇಳಕಲ್ ಸಂತೆಯಲ್ಲಿ ಒಳ್ಳೆ ರೇಟು ಬಂತು ಅಂತ ಅಣ್ಣ ಮಾರಿದ. ಅದೇ ದುಡ್ಡಲ್ಲಿ ಬೈಕಿನ ಮೇಲೆ ಮಾರಿಕೊಂಡು ಬಂದವನ ಹತ್ತಿರ ಬಣ್ಣದ ಮರಿ ತಗೊಂಡ. ಯಾವ ತಳಿ ಅಂತ ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮರಿಗಳು ಬೇಗ ಬೆಳೆದವು, ಅವುಗಳ ಹುಂಜಗಳೇ ಅಂಗಳದ ಯಜಮಾನರಾದವು. ಹಳೇ ಕೋಳಿಗಳು ಒಂದೊಂದಾಗಿ ಸಂತೆಗೋ ಸಾರಿಗೋ ಹೋದವು. ಅಲ್ಲಿಗೆ ಮುಗಿಯಿತು.

ಇದರಲ್ಲಿ ಹೊಸ ಕೋಳಿಗಳ ತಪ್ಪೇನಿಲ್ಲ. ಕಾವಿಗೆ ಕೂತ ಕೋಳಿ ಮೊಟ್ಟೆ ನಿಲ್ಲಿಸುತ್ತದೆ. ಹಾಗಾಗಿ ಹೆಚ್ಚು ಮೊಟ್ಟೆ ಇಡುವುದನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತಾ ಹೋದರೆ ಕಾವಿನ ಗುಣ ಕಳೆದುಹೋಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ ಬಂದದ್ದು 1989ರಲ್ಲಿ. ವರ್ಷಕ್ಕೆ 130ರಿಂದ 150 ಮೊಟ್ಟೆ. ಊರ ಕೋಳಿಯ ಹಾಗೆ ಬಣ್ಣದ ಪುಕ್ಕ ಇರಲಿ ಅಂತ ನೋಡಿಕೊಂಡದ್ದು ಬರೀ ಚೆಂದಕ್ಕಲ್ಲ. ಬಯಲಲ್ಲಿ ಮೇಯುವ ಬಿಳಿ ಕೋಳಿ ಹದ್ದಿನ ಕಣ್ಣಿಗೆ ಬೇಗ ಬೀಳುತ್ತದೆ. ಆಮೇಲೆ ಬಂದ ಸ್ವರ್ಣಧಾರದ್ದೂ ಬಣ್ಣದ ಪುಕ್ಕವೇ. ಮಾಂಸ, ಮೊಟ್ಟೆ ಬೇಕೆಂದವರಿಗೆ ಇವು ನಿಜಕ್ಕೂ ಉಪಕಾರ ಮಾಡಿವೆ.

ನನ್ನ ತಕರಾರು ಬೇರೆ. ಬಣ್ಣ ನೋಡಿ ಜವಾರಿ ಅಂದುಕೊಳ್ಳುವ ನಮ್ಮ ಬುದ್ಧಿಯ ಮೇಲೆ. ಸೀರೆ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳು ಹೀಗೆ ಮೋಸ ಹೋಗಲ್ಲ. ಬಣ್ಣ, ದಡಿ ನೋಡಿ ಸುಮ್ಮನಾಗದೆ, ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಜೋಡಿಸಿದ್ದಾರಾ ಅಂತ ಮುಟ್ಟಿ ನೋಡಿದ ಮೇಲೇ ಇಳಕಲ್ ಸೀರೆ ಅಂತ ಒಪ್ಪುತ್ತಾರೆ. ಕೋಳಿಯ ವಿಷಯದಲ್ಲಿ ಮಾತ್ರ ದಡಿ ನೋಡಿಯೇ ದುಡ್ಡು ಕೊಡುತ್ತೇವೆ!

ಬಣ್ಣ ತರುವುದು ಸುಲಭ. ಮೆಂಡಲ್ ನಿಯಮ ಪ್ರಾಣಿಗಳಿಗೂ ನಿಜ ಅಂತ 1902ರಲ್ಲಿ ಬೇಟ್ಸನ್ ತೋರಿಸಿದ್ದೇ ಕೋಳಿಯ ಜುಟ್ಟಿನ ಆಕಾರದಿಂದ. ಜುಟ್ಟು, ಪುಕ್ಕದ ಬಣ್ಣ ಇವೆಲ್ಲ ಕೆಲವೇ ಜೀನುಗಳ ಆಟ, ಒಂದೆರಡು ತಲೆಮಾರಿನಲ್ಲೇ ಬದಲಾಯಿಸಬಹುದು. ಮೈಕಟ್ಟು, ತೂಕ, ಬಿಸಿಲು ತಡೆಯುವ ಶಕ್ತಿ ಹಾಗಲ್ಲ. ಅವುಗಳ ಹಿಂದೆ ಹತ್ತಾರು ಜೀನುಗಳಿವೆ, ವರ್ಷಗಟ್ಟಲೆ ಆರಿಸುತ್ತಲೇ ಇರಬೇಕು.

ತಮಾಷೆ ಏನು ಗೊತ್ತಾ? ನಾವೂ ಆರಿಸುತ್ತಲೇ ಇದ್ದೇವೆ, ಆದರೆ ಉಲ್ಟಾ. ಜಾತ್ರೆ ಬಂತು, ಬೀಗರು ಬಂದರು, ಸಂತೆಯಲ್ಲಿ ರೇಟು ಏರಿತು ಅಂದರೆ ಮೊದಲು ಹೋಗುವುದು ಎಲ್ಲಕ್ಕಿಂತ ಚೆಂದದ, ದಪ್ಪನೆಯ ಹುಂಜ. ಮರಿ ಹುಟ್ಟಿಸಲು ಉಳಿಯುವುದು ಯಾರಿಗೂ ಬೇಡವಾದದ್ದು. ಆಮೇಲೆ "ಜವಾರಿ ಕೋಳಿ ಬೆಳೆಯೋದೇ ಇಲ್ಲ" ಅಂತ ಗೊಣಗುತ್ತೇವೆ. ನಾವು ಸಾಫ್ಟ್‌ವೇರ್ ಮಂದಿ ಬ್ಯಾಕಪ್ ಇಲ್ಲದೆ ಒಂದು ಫೈಲ್ ಅಳಿಸಲು ಹತ್ತು ಸಲ ಯೋಚಿಸುತ್ತೇವೆ. ಆ ಕೆಂಪು ಹುಂಜಕ್ಕೆ ಬ್ಯಾಕಪ್ ಇರಲಿಲ್ಲ. ಮಾರಬೇಡ ಅಂತ ಫೋನಿನಲ್ಲಿ ನಾನೂ ಹೇಳಲಿಲ್ಲ.

ದುಡ್ಡಿನ ಅಡಚಣೆ ಇದ್ದಾಗ ಮಾರಬೇಡಿ ಅನ್ನಲು ಬೆಂಗಳೂರಲ್ಲಿ ಕೂತ ನಾನ್ಯಾರು, ಸರಿ. ಮಾರಲಿ, ಆದರೆ ಅದರ ಮರಿ ಬೆಳೆದ ಮೇಲೆ ಮಾರಲಿ. ಎಂಟ್ಹತ್ತು ಕೋಳಿಗೆ ಒಂದು ಒಳ್ಳೆ ಹುಂಜ ಸಾಕು. ವರ್ಷಕ್ಕೊಮ್ಮೆ ಪಕ್ಕದ ಓಣಿಯವರ ಜೊತೆ ಹುಂಜ ಅದಲು ಬದಲು ಮಾಡಿಕೊಂಡರೆ ರಕ್ತ ಹತ್ತಿರವಾಗುವುದೂ ತಪ್ಪುತ್ತದೆ. ಮಾಂಸಕ್ಕೆ ತಂದ ಬಣ್ಣದ ಕೋಳಿಗಳನ್ನು ಬೇರೆ ಕೂಡಿಟ್ಟರಾಯಿತು. ಇಷ್ಟಕ್ಕೆ ಖರ್ಚೇನೂ ಇಲ್ಲ. ಝಾಬುವಾದ ಕಡಕನಾಥ ಕೋಳಿ ಮಾಂಸಕ್ಕೆ 2018ರಲ್ಲಿ ಜಿಐ ಗುರುತು ಸಿಕ್ಕಿತು. ಅಲ್ಲಿಯ ಜನ ಆ ಕೋಳಿಯನ್ನು ಉಳಿಸಿಕೊಂಡಿದ್ದಕ್ಕೇ ತಾನೇ ಸಿಕ್ಕಿದ್ದು?

ವಾಪಸ್ ಬರುವ ಮುಂಚೆ ಬಾದಾಮಿ ಕಡೆಯ ನಮ್ಮ ಅತ್ತೆಯ ಊರಿಗೆ ಹೋಗಿ ಎರಡು ಕಾವಿನ ಕೋಳಿ, ಒಂದು ಹುಂಜ ತಂದುಕೊಟ್ಟೆ. ಹುಂಜದ ಬಣ್ಣ ಅಷ್ಟಕ್ಕಷ್ಟೇ. ಅಣ್ಣ ನೋಡಿ ನಕ್ಕ. ಹೋದ ವಾರ ಅವ್ವ ಫೋನ್ ಮಾಡಿದ್ದಳು, ಬುಟ್ಟಿ ಅಟ್ಟದಿಂದ ಇಳಿದಿದೆಯಂತೆ. ಹನ್ನೊಂದು ತತ್ತಿ ಇಟ್ಟಿದ್ದಾಳೆ, ಇಪ್ಪತ್ತೊಂದು ದಿನ ಕಾಯಬೇಕು.

ನಿಮ್ಮೂರಲ್ಲಿ ಇನ್ನೂ ಕಾವಿಗೆ ಕೂರುವ ಕೋಳಿಗಳಿವೆಯಾ? ಊರಿಗೆ ಫೋನ್ ಮಾಡಿದಾಗ ಒಮ್ಮೆ ಕೇಳಿ ನೋಡಿ.