ಎರಡು ಪ್ರತಿಶತದ ಲೋಳೆನೀರು

ಬಾಲಾನಗರದ ಐಡಿಪಿಎಲ್ ಕಾಲದಿಂದಲೂ ಹೈದರಾಬಾದಿನ ಔಷಧ ಉದ್ಯಮವೆಂದರೆ ಮೂಲ ಔಷಧಿಯ ಮಾತೇ. ಮಾತ್ರೆಯೊಳಗಿನ ಉಳಿದ ಪುಡಿಯನ್ನು ಕೇಳುವವರು ಕಡಿಮೆ. ಸಕ್ಕರೆ ಕಾಯಿಲೆಯವರು ನುಂಗುವ ಮೆಟ್‌ಫಾರ್ಮಿನ್‌ನ ನಿಧಾನ ಬಿಡುಗಡೆಯ ಮಾತ್ರೆಗಳನ್ನೇ ನೋಡಿ. ಅವುಗಳಲ್ಲಿ ಹಲವಕ್ಕೆ ಹೈಪ್ರೊಮೆಲೋಸ್ ಎಂಬ ಸೆಲ್ಯುಲೋಸ್ ಪುಡಿಯೇ ಆಧಾರ. ಹೊಟ್ಟೆಯೊಳಗೆ ನೀರು ತಾಗಿದ ಕೂಡಲೇ ಅದು ಲೋಳೆಯಾಗಿ ಉಬ್ಬಿ, ಔಷಧಿಯನ್ನು ಹಿಡಿದಿಟ್ಟು ಗಂಟೆಗಟ್ಟಲೆ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಲೋಳೆ ತೆಳುವಾದರೆ ಇಡೀ ದಿನಕ್ಕೆಂದು ಕೊಟ್ಟ ಔಷಧಿ ಬೇಗನೆ ರಕ್ತಕ್ಕಿಳಿಯಬಹುದು.

ಆದ್ದರಿಂದ ಈ ಪುಡಿಯ ದರ್ಜೆಯನ್ನು ಗುರುತಿಸುವುದೇ ಸ್ನಿಗ್ಧತೆಯಿಂದ, ಅಂದರೆ ದ್ರವ ಹರಿಯಲು ಒಡ್ಡುವ ತಡೆಯಿಂದ. ನೀರಿನಲ್ಲಿ 2 ಪ್ರತಿಶತ ಕರಗಿಸಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆಯಬೇಕು. ಬರಿ ನೀರಿನ ಅಳತೆ ಸುಮಾರು 1 ಮಿಲಿಪ್ಯಾಸ್ಕಲ್ ಸೆಕೆಂಡ್. ‘ಕೆ4ಎಂ’ ದರ್ಜೆಯ ದ್ರಾವಣದ್ದು ಸುಮಾರು 4000.

ಕರಗಿಸುವುದೂ ಸುಲಭವಲ್ಲ. ಅಂಬಲಿಗೆ ರಾಗಿ ಹಿಟ್ಟನ್ನು ಗಂಟಾಗದಂತೆ ತಣ್ಣೀರಲ್ಲಿ ಕದಡಿ ಆಮೇಲೆ ಕಾಯಿಸುತ್ತಾರಲ್ಲ, ಇಲ್ಲಿ ಅದರ ತಿರುಗುಮುರುಗು: ಬಿಸಿನೀರಲ್ಲಿ ಹರಡಿ, ಆಮೇಲೆ ತಣಿಸಬೇಕು. ಮೋಸ ಹೋಗುವುದು ಹೆಚ್ಚಾಗಿ ತೂಕದಲ್ಲಿ. ಪುಡಿ ಗಾಳಿಯ ತೇವ ಹೀರುತ್ತದೆ. ಅದರಲ್ಲಿ 5 ಪ್ರತಿಶತ ನೀರಿದ್ದು ಅದನ್ನು ಲೆಕ್ಕದಿಂದ ಕಳೆಯದಿದ್ದರೆ ದ್ರಾವಣ 2ರ ಬದಲು 1.9 ಪ್ರತಿಶತವಾಗುತ್ತದೆ. ಅಷ್ಟೇ ತಾನೇ ಎನ್ನುವಂತಿಲ್ಲ. ಸಾರ ಕೊಂಚ ತಗ್ಗಿದರೂ ಸ್ನಿಗ್ಧತೆ ಬಹಳ ಇಳಿಯುತ್ತದೆ. 4000ದ ದರ್ಜೆಯಲ್ಲಿ ಅಂದಾಜು ಐದನೇ ಒಂದು ಭಾಗಕ್ಕೂ ಹೆಚ್ಚು.

ಇನ್ನು ಉಷ್ಣತೆ. ಬರಿ ನೀರಿನ ಸ್ನಿಗ್ಧತೆಯೇ 20 ಡಿಗ್ರಿಯಲ್ಲಿ 1.00 ಇದ್ದದ್ದು 40ರಲ್ಲಿ 0.65ಕ್ಕೆ ಇಳಿಯುತ್ತದೆ. ಹೈದರಾಬಾದಿನ ಮೇ ತಿಂಗಳಲ್ಲಿ ‘ಕೋಣೆಯ ಉಷ್ಣತೆ’ ಎಂದು ಬರೆದರೆ ಏನನ್ನೂ ಬರೆಯದಂತೆಯೇ. ತಿರುಗುವ ಕಡ್ಡಿಯ ಯಂತ್ರದಲ್ಲಿ ವೇಗ ಹೆಚ್ಚಿಸಿದರೂ ಈ ಲೋಳೆ ತೆಳುವಾದಂತೆ ತೋರುತ್ತದೆ.

ಅಮೆರಿಕದ ಫಾರ್ಮಕೋಪಿಯ ಇಂಥ ದಪ್ಪ ದರ್ಜೆಗಳಿಗೆ ಘೋಷಿತ ಅಂಕಿಯ 75ರಿಂದ 140 ಪ್ರತಿಶತದವರೆಗೆ ಅವಕಾಶ ಕೊಟ್ಟಿದೆ. ಇಷ್ಟು ಸಡಿಲವಿರುವಾಗ ಅಳತೆಗೇಕೆ ಇಷ್ಟು ಮಡಿ ಎಂಬ ವಾದವಿದೆ. ಅದು ತಲೆಕೆಳಗಾದ ವಾದ. ಆ ಸಡಿಲ ಕೊಟ್ಟಿರುವುದು ಪುಡಿಗೆ, ಅಳೆಯುವವನ ಕೈಗಲ್ಲ. 3100 ಇರುವ ಪುಡಿ ತಪ್ಪು ಅಳತೆಯಲ್ಲಿ 4000 ಎಂದು ಕಂಡರೆ, ಮಾತ್ರೆ ಏಕೆ ಬೇಗ ಕರಗಿತೆಂದು ಹುಡುಕುವವನಿಗೆ ಸುಳಿವೇ ಸಿಗದು.

ಪುಡಿ ಕೊಳ್ಳುವ ಕಾರ್ಖಾನೆ ಒಂಟಿ ಅಂಕಿಯ ವರದಿಯನ್ನು ವಾಪಸು ಕಳಿಸಬೇಕು. ಉಷ್ಣತೆ, ತೇವಾಂಶ, ಕಡ್ಡಿಯ ಸಂಖ್ಯೆ, ವೇಗ ಅದೇ ಸಾಲಿನಲ್ಲಿರಬೇಕು. ಇವನ್ನು ಬರೆಯಲು ಅರ್ಧ ನಿಮಿಷ ಸಾಕು.