"ನೆಟ್ ಇಲ್ಲ" ಬೋರ್ಡು ಇನ್ನೆಷ್ಟು ದಿನ?

ಬಸ್ ನಿಲ್ದಾಣದ ಎದುರಿನ ಸಾಲಂಗಡಿಗಳಲ್ಲಿ ಒಂದು ರಟ್ಟಿನ ಬೋರ್ಡು ಖಾಯಂ ಆಗಿಬಿಟ್ಟಿದೆ: "ನೆಟ್ ಇಲ್ಲ, ಚಿಲ್ಲರೆ ಕೊಡಿ." ಸಂಜೆ ಬಸ್ಸಿಗೆ ಓಡುವ ಗಿರಾಕಿ ಮೊಬೈಲಿನಲ್ಲಿ ದುಡ್ಡು ಹಾಕುತ್ತಾನೆ. ಅಂಗಡಿಯವನ ಮೊಬೈಲಿಗೆ ಸುದ್ದಿಯೇ ಬರುವುದಿಲ್ಲ. "ಬಂದಿಲ್ಲ ಸ್ವಾಮಿ." "ಕಟ್ಟಾಗಿದೆಯಲ್ರೀ!" ಇಬ್ಬರೂ ಸುಳ್ಳರಲ್ಲ. ಆದರೂ ಜಗಳ. ಅಷ್ಟರಲ್ಲಿ ಬಸ್ಸು ಹೋಯಿತು.

2016ರಲ್ಲಿ ಯುಪಿಐ ಬಂತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ಅಲ್ಲಿಂದೀಚೆಗೆ ಅಂಗಡಿಗೆ ತಕ್ಕಡಿ ಎಷ್ಟು ಮುಖ್ಯವೋ ನೆಟ್ಟೂ ಅಷ್ಟೇ. ತಕ್ಕಡಿ ಮೇಲೆ ಅನುಮಾನ ಬಂದರೆ ವರ್ತಕ ಕಲ್ಲಿಟ್ಟು ನೋಡುತ್ತಾನೆ. ನೆಟ್ ಕೆಟ್ಟರೆ ಮಾತ್ರ ಕೈಕಟ್ಟಿ ಕೂರುತ್ತಾನೆ. ಕಂಪೆನಿಯವರು "ನಿಮ್ಮ ವೈರು ಸರಿಯಿಲ್ಲ" ಅಂತಾರೆ. ವೈರಿನವನು "ಕಂಪೆನಿದೇ ತಪ್ಪು" ಅಂತಾನೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಕೊನೆಗೆ ರಿಪೇರಿಯವನು ಬಂದು, ರೂಟರ್ ಆರಿಸಿ ಹಚ್ಚಿ, ಐನೂರು ರೂಪಾಯಿ ಎಣಿಸಿಕೊಂಡು ಹೋಗುತ್ತಾನೆ.

ತಪ್ಪು ಎಲ್ಲಿದೆ ಎಂದು ತಿಳಿಯಲು ದುಬಾರಿ ಯಂತ್ರ ಬೇಕಿಲ್ಲ. ಮೊದಲು ದೀಪ ನೋಡಬೇಕು. ಫೈಬರ್ ಪೆಟ್ಟಿಗೆಯಲ್ಲಿ "ಎಲ್‌ಒಎಸ್" ಎಂಬ ಕೆಂಪು ದೀಪ ಹತ್ತಿದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ಅದು ಕಂಪೆನಿಯ ಕೆಲಸ, ಅಂಗಡಿಯ ಕಂಪ್ಯೂಟರ್ ಬಿಚ್ಚಿ ಪ್ರಯೋಜನವಿಲ್ಲ.

ಎರಡನೆಯದು "ಪಿಂಗ್". ಅಮೆರಿಕದ ಮೈಕ್ ಮೂಸ್ 1983ರಲ್ಲಿ ಬರೆದ ಪುಟ್ಟ ಪ್ರೋಗ್ರಾಮು. ಇಂದು ಬಿಲ್ಲಿಂಗ್ ಕಂಪ್ಯೂಟರಿನಲ್ಲೇ ಇದೆ, ಕಾಸು ಖರ್ಚಿಲ್ಲ. ಮೊದಲು ರೂಟರಿನ ವಿಳಾಸಕ್ಕೆ ಪಿಂಗ್ ಮಾಡಬೇಕು. ಉತ್ತರ ಬಾರದಿದ್ದರೆ ತೊಂದರೆ ಅಂಗಡಿಯೊಳಗೇ. ಬಂದರೆ, 8.8.8.8ಕ್ಕೆ ಮಾಡಬೇಕು. ಅಲ್ಲಿಂದ ಉತ್ತರ ಇಲ್ಲದಿದ್ದರೆ ಬಹುತೇಕ ತೊಂದರೆ ಹೊರಗಿನ ಲೈನಿನದು. ಎರಡೂ ಕಡೆಯಿಂದ ಉತ್ತರ ಬಂದೂ ಪುಟ ತೆರೆಯದಿದ್ದರೆ, ಹೆಸರನ್ನು ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್ ಮೇಲೆ ಅನುಮಾನ ಪಡಬೇಕು.

ಮೂರನೆಯದು ಕೇಬಲ್ ಟೆಸ್ಟರ್. ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಕೇಬಲಿನ ಎರಡು ತುದಿ ಸಿಕ್ಕಿಸಿದರೆ ಎಂಟು ತಂತಿಗೆ ಎಂಟು ದೀಪ ಸಾಲಾಗಿ ಹತ್ತಬೇಕು. ಹತ್ತದ ತಂತಿಯೇ ಕಳ್ಳ. ಇಲಿ ಕಡಿದದ್ದೂ ಷಟರಿಗೆ ಸಿಕ್ಕಿ ಜಜ್ಜಿದ್ದೂ ಅಲ್ಲೇ ಗೊತ್ತಾಗುತ್ತದೆ.

ಇಷ್ಟನ್ನು ಪ್ರತಿ ಅಂಗಡಿಯೂ ಕೊಳ್ಳಬೇಕಿಲ್ಲ. ಗಣಪತಿ ಕೂರಿಸಲು ಬೀದಿ ಬೀದಿ ಚಂದಾ ಎತ್ತುವ ವರ್ತಕರು, ಬೀದಿಗೊಂದು ಟೆಸ್ಟರು, ತುದಿ ಒತ್ತುವ ಕ್ರಿಂಪಿಂಗ್ ಇಕ್ಕಳ ಕೊಳ್ಳಲಾರರೇ? ಪಾಲಿಟೆಕ್ನಿಕ್ ಹುಡುಗರನ್ನು ಕರೆದು ಒಂದು ಭಾನುವಾರ ಪಾಠ ಹೇಳಿಸಲಾರರೇ?

ಕಂಪೆನಿಗಳಿಗೂ ಒಂದು ಮಾತು. ದೂರಿನ ನಂಬರು ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ವರ್ತಕರೂ ಆ ನಂಬರನ್ನು, ನೆಟ್ ಹೋದ ಗಂಟೆಯನ್ನು, ಪಿಂಗ್ ಉತ್ತರವನ್ನು ಉದ್ರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಳ್ಳಲಿ. ಲೆಕ್ಕ ಇಟ್ಟವನನ್ನು "ವೈರು ಸರಿಯಿಲ್ಲ" ಎಂದು ಸಾಗಹಾಕುವುದು ಅಷ್ಟು ಸುಲಭವಲ್ಲ.